ಐವತ್ತಾರು ಟಿಕ್ಕು

ಕಾಮಾಕ್ಷಿಪಾಳ್ಯ, ಬೆಂಗಳೂರು
16-3-1986, ಭಾನುವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಹಿಮ್ಮಡಿ ಒಡೆದಿದ್ದು ಮಾಯ್ತಾ? ರಾಯಚೂರು ಕಡೆ ಈಗಲೇ ಬಿಸಿಲು ಕಾದ ಕಾವಲಿ ಥರ ಅಂತ ಬರೆದಿದ್ದೆ. ಮಧ್ಯಾಹ್ನ ಸ್ಕೂಲಿಂದ ರೂಮಿಗೆ ನಡೆದು ಬರುವಾಗ ತಲೆ ಮೇಲೆ ಒದ್ದೆ ಬಟ್ಟೆ ಹಾಕ್ಕೋ, ಟೀಚರಮ್ಮ ಅನ್ನೋ ಗತ್ತು ಆಮೇಲೆ ನೋಡಿಕೊಳ್ಳೋಣ. ಅಮ್ಮ ಚೆನ್ನಾಗಿದ್ದಾಳೆ. ವಿಜಯನಗರದ ಹಾಸ್ಟೆಲ್‌ನಲ್ಲಿ ಇನ್ನೂ ಇಪ್ಪತ್ತು ಹುಡುಗರು ಜಾಸ್ತಿ ಆಗಿದ್ದಾರಂತೆ, ಅಡುಗೆಗೆ ಬೆಳಗ್ಗೆ ಐದಕ್ಕೇ ಹೊರಟುಬಿಡ್ತಾಳೆ. ಭಾನುವಾರವೂ ರಜ ಇಲ್ಲ. ಅಪ್ಪ ಊಟ ಚೆನ್ನಾಗಿ ಮಾಡ್ತಾರೆ. ಅಪ್ಪನ ಕೈ ವಿಷಯ ಕೊನೇಲಿ ಬರೆಯೋಣ ಅಂದುಕೊಂಡಿದ್ದೆ. ಆದರೆ ಕೊನೆ ಬರೋ ಹೊತ್ತಿಗೆ ನಾನು ಪೆನ್ನು ಬಿಟ್ಟು ಎದ್ದು ಹೋಗಿಬಿಡ್ತೀನಿ, ನನ್ನ ಬುದ್ಧಿ ನಿನಗೆ ಗೊತ್ತಲ್ಲ. ಅದಕ್ಕೆ ಈಗಲೇ ಬರೀತೀನಿ.

ನಿನ್ನ ಕಾಗದ ಹೋದ ವಾರ, ಎಂಟನೇ ತಾರೀಕು ಶನಿವಾರ ಬಂತು. ನಾನು ಕಳಿಸಿದ ಕ್ಯಾಲೆಂಡರಿನ ಫೆಬ್ರವರಿ ಹಾಳೆಯನ್ನ ನಿನ್ನ ಮೂರನೇ ಕ್ಲಾಸಿನ ಗೋಡೆಗೆ ಅಂಟಿಸಿದ್ದೀಯಂತೆ. ಇಪ್ಪತ್ತೆಂಟು ದಿನ, ದಿನಕ್ಕೆರಡು, ಐವತ್ತಾರು ಟಿಕ್ಕು, ಒಂದೂ ತಪ್ಪಿಲ್ಲ. ‘ನೋಡ್ರೋ, ಇವನು ನನ್ನ ತಮ್ಮ, ಹಿಡಿದ ಕೆಲಸ ಬಿಡಲ್ಲ’ ಅಂತ ಮಕ್ಕಳಿಗೆಲ್ಲ ತೋರಿಸಿದೆಯಂತೆ. ಅಕ್ಕಾ, ಆ ಸಾಲನ್ನ ನಾನು ನಿಂತುಕೊಂಡೇ ಓದಿದೆ, ಕೂತು ಓದೋಕೆ ಆಗಲಿಲ್ಲ. ಆ ಐವತ್ತಾರರಲ್ಲಿ ಐವತ್ತಾರೂ ಸುಳ್ಳು. ಮೊದಲು ‘ಸ್ವಲ್ಪ ಸುಳ್ಳು’ ಅಂತ ಬರೆದು ಆಮೇಲೆ ಹೊಡೆದು ಹಾಕಿದ್ದೀನಿ, ಪಕ್ಕದಲ್ಲೇ ಕಾಣುತ್ತೆ ನೋಡು.

ಜನವರಿ ಎರಡರಂದು ಬಸ್ ಹತ್ತೋ ಮುಂಚೆ ನೀನು ಶಂಭುಲಿಂಗಪ್ಪನವರ ಅಂಗಡಿ ಕ್ಯಾಲೆಂಡರ್ ತಂದು ಅಪ್ಪನ ಮಂಚದ ಎದುರು ಗೋಡೆಗೆ ಮೊಳೆ ಹೊಡೆದೆ. ಬೆಳಗ್ಗೆ ಅರ್ಧ ಗಂಟೆ, ಸಂಜೆ ಅರ್ಧ ಗಂಟೆ ಬಲಗೈ ಬೆರಳುಗಳನ್ನ ಒಂದೊಂದಾಗಿ ಬಿಡಿಸಬೇಕು, ಬಟ್ಟೆ ಸುರುಳಿ ಹಿಡಿಸಬೇಕು, ಆದಮೇಲೆ ಟಿಕ್ಕು ಹಾಕಬೇಕು. ಲಕ್ವ ಹೊಡೆದ ಕೈಗೆ ಮಾತ್ರೆಗಿಂತ ಇದೇ ಮುಖ್ಯ, ಬಿಟ್ಟರೆ ಬೆರಳು ಮುದುರಿಕೊಳ್ಳುತ್ತೆ ಅಂತ ಡಾಕ್ಟರ್ ಹೇಳಿದ್ದು ನನ್ನ ಮುಂದೇನೇ. ಮೇ ಹನ್ನೊಂದಕ್ಕೆ ನಿನ್ನ ಮದುವೇಲಿ ಧಾರೆ ತಂಬಿಗೆ ಅಪ್ಪನೇ ಹಿಡೀಬೇಕು ಅಂತ ನೀನು ಹಟ ಮಾಡಿದ್ದೂ ನನ್ನ ಮುಂದೇನೇ. ‘ಟಿ.ಸಿ.ಎಚ್. ಓದೋಕೆ ಕಳಿಸ್ಬೇಡ ಅಂದ ಚಿಕ್ಕಪ್ಪನ ಕೈಲಿ ಧಾರೆ ಎರೆಸ್ಕೊಳಲ್ಲ ಕಣೋ. ಅಪ್ಪನ ಕೈ ಇನ್ಮೇಲೆ ನಿಂಗ್ ಬಿಟ್ಟಿದ್ದು’ ಅಂದೆ. ಹತ್ತೊಂಬತ್ತು ದಿನ ಸರಿಯಾಗಿ ಮಾಡಿದೆ. ಹೆಬ್ಬೆರಳು ತೋರುಬೆರಳಿಗೆ ತಗುಲಿತು ಅಂತ ಬರೆದಿದ್ದೆನಲ್ಲ, ಅದು ಮಾತ್ರ ನಿಜ.

ಇಪ್ಪತ್ತೊಂದನೇ ತಾರೀಕು ಜ್ವರವೂ ಇರಲಿಲ್ಲ, ಓವರ್‌ಟೈಮೂ ಇರಲಿಲ್ಲ. ಸುಮ್ಮನೆ ಬೇಜಾರು. ಅರ್ಧ ಗಂಟೆ ಒಂದೇ ಕಡೆ ಕೂತರೆ ನನ್ನ ಕಾಲು ತಾನೇ ಎದ್ದು ಹೋಗುತ್ತೆ. ಬಸವೇಶ್ವರನಗರದಲ್ಲಿ ಹುಡುಗರ ಜೊತೆ ಕೇರಂ ಆಡೋಕೆ ಹೋದೆ. ನಾಳೆ ಎರಡರಷ್ಟು ಮಾಡಿದರಾಯ್ತು ಅಂತ ಟಿಕ್ಕು ಹಾಕಿದೆ. ಆ ನಾಳೆಗೂ ಇನ್ನೊಂದು ನಾಳೆ ಸಿಕ್ಕಿತು. ಕೊನೆಗೆ ಟಿಕ್ಕು ಹಾಕೋದಕ್ಕೂ ಬೇಜಾರಾಗಿ, ಫೆಬ್ರವರಿಯ ಕೊನೇ ದಿನ ಒಂದೇ ಸಲ ಕೂತು ಐವತ್ತಾರೂ ಹಾಕಿ ಅಂಚೆಗೆ ಹಾಕಿದೆ. ಎರಡು ನಿಮಿಷದ ಕೆಲಸ.

ಈ ವಿದ್ಯೆ ಕಲಿತದ್ದು ವರ್ಕ್‌ಶಾಪಿನಲ್ಲಿ. ಅಲ್ಲಿ ಲೇತಿನ ಮೇಲೆ ಹತ್ತು ಬುಷ್, ಅಂದರೆ ಬಳೆ ಥರದ ಚಿಕ್ಕ ಕೊಳವೆ, ಕಡೆದಾಗ ಒಂದರ ತೂತಿಗೆ ಗೇಜ್ ಹಾಕಿ ಅಳತೆ ನೋಡಬೇಕು, ಕಾರ್ಡಿನಲ್ಲಿ ಟಿಕ್ಕು ಹಾಕಬೇಕು. ಯಾರೂ ನೋಡಲ್ಲ. ಶಿಫ್ಟ್ ಮುಗಿಯೋವಾಗ ಕೈ ತೊಳೆದುಕೊಂಡು ಬಂದು ಎಲ್ಲರೂ ಸಾಲಾಗಿ ಕೂತು ಇಡೀ ದಿನದ್ದನ್ನ ಹಾಕಿಬಿಡ್ತೀವಿ. ನಿನ್ನ ಕಾಗದ ಬಂದ ಶನಿವಾರವೇ ನಾನು ಕಡೆದ ನೂರ ನಲವತ್ತು ಬುಷ್ ಅಳತೆ ತಪ್ಪಿ ವಾಪಸ್ ಬಂದವು. ಫೋರ್‌ಮನ್ ಪಂಚಾಕ್ಷರಿ ಸಾರ್ ಎಲ್ಲರ ಮುಂದೆ ನನ್ನ ಕಾರ್ಡನ್ನ ಬೆಳಕಿಗೆ ಹಿಡಿದರು. ‘ಏನ್ ಗುರು, ಎಣ್ಣೆ ಕೈಲಿ ಮುಟ್ಟಿದ್ ಕಾರ್ಡು ಇಷ್ಟ್ ಬೆಳ್ಳಗಿರುತ್ತಾ? ಇದಕ್ಕೂ ಸೋಪ್ ಹಾಕ್ದ್ಯಾ?’ ಅಂದರು. ಎಲ್ಲರೂ ನಕ್ಕರು, ಅವರು ನಗಲಿಲ್ಲ. ಆಮೇಲೆ ಹತ್ತಿರ ಬಂದು, ‘ಕಡೆಯೋ ಟೂಲು ಒಂದೇ ದಿನ ಸವೆಯಲ್ಲ ಕಣೋ. ಕೂದಲೆಳೆಯಷ್ಟು ಸವೀತಾ ಹೋಗುತ್ತೆ, ನಿನ್ ಕಣ್ಣಿಗೆ ಕಾಣಲ್ಲ. ಅದಕ್ಕೇ ಹತ್ತಕ್ಕೊಂದ್ ಸಲ ನೋಡು ಅನ್ನೋದು’ ಅಂದರು. ಒಂದು ವಾರ ಲೇತ್ ಮುಟ್ಟೋ ಹಾಗಿಲ್ಲ, ಅರ ಹಿಡಿದು ಬೇರೆಯವರ ಬುಷ್‌ಗಳ ಅಂಚು ಉಜ್ಜಬೇಕು ಅಂತ ಆಯ್ತು. ಮನೆಗೆ ಬಂದರೆ ನಿನ್ನ ಕಾಗದ ಕಾಯ್ತಾ ಇತ್ತು.

ಮಾರನೇ ದಿನ ಅಮ್ಮ ಹೋದಮೇಲೆ, ದೇವರ ಮುಂದಿನ ತಂಬಿಗೇಲಿ ಅರ್ಧ ನೀರು ತುಂಬಿ ಅಪ್ಪನ ಬಲಗೈಗೆ ಕೊಟ್ಟೆ. ಬೆರಳುಗಳು ಮುಷ್ಟಿಯಾಗಿಬಿಟ್ಟಿದ್ದವು, ಅದರೊಳಗೆ ತಂಬಿಗೆಯ ಕತ್ತು ಸೇರಲೇ ಇಲ್ಲ. ಬಿತ್ತು. ಮಿಲ್ಲಿನಲ್ಲಿ ಮೂವತ್ತು ವರ್ಷ, ಹರಿದ ನೂಲನ್ನ ಕಣ್ಣು ಮಿಟುಕಿಸೋದರೊಳಗೆ ಗಂಟು ಹಾಕ್ತಿದ್ದ ಕೈ ಅದು. ನೀರು ಒರೆಸೋ ನೆಪದಲ್ಲಿ ನಾನು ಮಂಚದ ಕೆಳಗೆ ತಲೆ ತೂರಿಸಿ ತುಂಬಾ ಹೊತ್ತು ಅಲ್ಲೇ ಇದ್ದೆ. ದಿನವಿಡೀ ಆ ಕ್ಯಾಲೆಂಡರ್ ನೋಡ್ತಾ ಮಲಗಿರೋರಿಗೆ ನಾನು ಏನು ಮಾಡ್ತಿದ್ದೆ ಅಂತ ಗೊತ್ತಿರಲ್ವಾ? ‘ಅಮ್ಮನಿಗೆ ಯಾಕಪ್ಪಾ ಹೇಳಲಿಲ್ಲ?’ ಅಂತ ಕೇಳಿದೆ. ಮಾತು ಇನ್ನೂ ತೊದಲು, ಹೊರಡೋಕೆ ಹೊತ್ತು ಹಿಡಿಯುತ್ತೆ. ‘ದಣಿದು... ಬಂದಿರ್ತೀಯ... ಮಗಾ’ ಅಂದರು. ಅಕ್ಕಾ, ನಾನು ದಣಿದು ಬರ್ತಿರಲಿಲ್ಲ. ಕೇರಂ ಆಡಿ ಬರ್ತಿದ್ದೆ. ಬೈದಿದ್ದರೆ ತಡೆದುಕೊಳ್ತಿದ್ದೆ.

ಅವತ್ತಿಂದ ಮನಸ್ಸು ಬರಲಿ ಅಂತ ಕಾಯೋದು ಬಿಟ್ಟಿದ್ದೀನಿ, ಅದು ಬರಲ್ಲ. ಬೆಳಗ್ಗೆ ಹಾಲು ತಂದು ಸ್ಟೌ ಮೇಲೆ ಇಟ್ಟ ತಕ್ಷಣ ಹೋಗಿ ಅಪ್ಪನ ಪಕ್ಕ ಕೂರ್ತೀನಿ. ಮೊದಲನೇ ದಿನ ಹಾಲು ಕಾಯೋವರೆಗೂ ಕೂತಿದ್ದೇ ಹೆಚ್ಚು, ಅದೂ ಉಕ್ಕಿ ಸೀದುಹೋಯ್ತು. ಪಕ್ಕದ ಮನೆ ಅಕ್ಕಯ್ಯಮ್ಮ ಗೋಡೆ ಆಚೆಯಿಂದಲೇ ‘ಏನ್ಲಾ, ಹಾಲ್ ಕಾಯಿಸ್ತಿದ್ದೀಯೋ ಇಲ್ಲ ಬೀದಿಗೆಲ್ಲಾ ಹೊಗೆ ಹಾಕ್ತಿದ್ದೀಯೋ’ ಅಂತ ಕೂಗಿದರು. ಅಪ್ಪ ನಕ್ಕರು, ಬಾಯಿ ಒಂದೇ ಕಡೆ ಅರಳುತ್ತೆ ಅಷ್ಟೆ. ಈಗ ಕಾಫಿ ಆದಮೇಲೂ ಕೂರ್ತೀನಿ. ಸಂಜೆ ಬಂದು ಕಾಲು ತೊಳೆದವನು ಒರೆಸಿಕೊಂಡ ಟವೆಲ್ಲನ್ನ ಕೆಳಗಿಡಲ್ಲ, ಅದನ್ನೇ ಸುರುಳಿ ಸುತ್ತಿ ಅಪ್ಪನ ಕೈಗೆ ಕೊಡ್ತೀನಿ. ಟವೆಲ್ ಅವರ ಕೈಗೆ ಹೋದಮೇಲೆ ನಾನು ಎಲ್ಲಿ ಹೋಗಲಿ? ಕಾಲು ಈಗಲೂ ಎದ್ದು ಹೋಗೋಕೆ ನೋಡುತ್ತೆ. ಅಪ್ಪ ಎಡಗೈಯನ್ನ ನನ್ನ ಮಂಡಿ ಮೇಲೆ ಇಟ್ಟುಕೊಂಡಿರ್ತಾರೆ.

ಎರಡು ಬೆರಳು ಸ್ವಲ್ಪ ಬಿಚ್ಚಿಕೊಂಡಿವೆ. ಮೇ ಹನ್ನೊಂದಕ್ಕೆ ತಂಬಿಗೆ ಹಿಡೀತಾರೆ ಅಂತ ಹೇಳೋಕೆ ನನಗೆ ಬಾಯಿಲ್ಲ. ಹೋದ ನಲವತ್ತೇಳು ದಿನ ಎಲ್ಲಿಂದ ತರಲಿ? ಆಗದೇ ಹೋದರೆ ಚಿಕ್ಕಪ್ಪನ ಮನೆಗೆ ನಾನೇ ಹೋಗಿ, ಯಾಕೆ ಆಗಲಿಲ್ಲ ಅಂತ ಎಲ್ಲರ ಮುಂದೆ ಹೇಳಿ ಕರೆದುಕೊಂಡು ಬರ್ತೀನಿ. ಅಮ್ಮನಿಗೆ ನಿನ್ನೆ ಹೇಳಿದೆ. ನನ್ನ ತಟ್ಟೆಗೆ ಮುದ್ದೆ ಹಾಕಿ ಎದ್ದು ಹೋದಳು. ನೀನಾದರೂ ಏನಾದರೂ ಅನ್ನು.

ನಿನ್ನ ರೂಮಿನ ಗಿರಿಜಾದೇವಿ ಟೀಚರ್‌ಗೆ ನನ್ನ ನಮಸ್ಕಾರ ಹೇಳು. ಅಪ್ಪ ಅಮ್ಮ ಇಬ್ಬರ ಆಶೀರ್ವಾದವೂ ಇದರ ಜೊತೆ ಬರ್ತಾ ಇದೆ. ನನ್ನದೇನು ಕಳಿಸಲಿ ಅಂತ ಗೊತ್ತಾಗ್ತಿಲ್ಲ.

ನಿನ್ನ ತಮ್ಮ,
ಗಂಗರಾಜು

ಕವರ್ ಅಂಟಿಸೋ ಮುಂಚೆ ಇನ್ನೊಂದು: ಫೆಬ್ರವರಿ ಹಾಳೆಯನ್ನ ಗೋಡೆಯಿಂದ ತೆಗೆದುಬಿಡಕ್ಕ. ಮಕ್ಕಳು ಯಾಕೆ ಅಂತ ಕೇಳಿದರೆ ನಿಜ ಹೇಳು. ಮಾರ್ಚ್ ಹಾಳೇಲಿ ಒಂದರಿಂದ ಎಂಟರವರೆಗೆ ಹಾಕಿದ್ದ ಟಿಕ್ಕುಗಳನ್ನ ಬ್ಲೇಡಿನಲ್ಲಿ ಕೆರೆಯೋಕೆ ಹೋಗಿ ತೂತು ಮಾಡಿದ್ದೀನಿ, ಅದರೊಳಗಿಂದ ನೀನು ಬರೋ ಏಪ್ರಿಲ್ ಕಾಣುತ್ತೆ. ಒಂಬತ್ತರಿಂದ ಟಿಕ್ಕು ಹಾಕ್ತಿರೋದು ನಾನಲ್ಲ, ಅಪ್ಪ. ಪೆನ್ಸಿಲ್‌ಗೆ ದಪ್ಪಗೆ ಬಟ್ಟೆ ಸುತ್ತಿ ಬಲಗೈಗೆ ಸಿಕ್ಕಿಸಿ, ಕ್ಯಾಲೆಂಡರನ್ನ ತೊಡೆ ಮೇಲೆ ಇಡ್ತೀನಿ. ಕೋಳಿ ಕೆದರಿದ ಹಾಗಿದೆ, ಒಂದೊಂದಕ್ಕೆ ಐದು ನಿಮಿಷ. ಹದಿಮೂರನೇ ತಾರೀಕು ಸಂಜೆ ನಾನು ಮತ್ತೆ ಕೇರಂ ಬೋರ್ಡಿನ ಹತ್ತಿರ ನಿಂತುಬಿಟ್ಟೆ, ಬರೋ ಹೊತ್ತಿಗೆ ಅಪ್ಪ ನಿದ್ದೆ ಹೋಗಿದ್ದರು. ಬೆಳಗ್ಗೆ ‘ಅದಕ್ಕೂ ಒಂದು ಹಾಕಿಬಿಡಪ್ಪ’ ಅಂದೆ. ಎಡಗೈಯಲ್ಲಿ ಬಲಗೈಯ ಪೆನ್ಸಿಲ್ ಬಿಡಿಸಿಕೊಂಡು ಕೆಳಗಿಟ್ಟರು. ಆ ಜಾಗ ಖಾಲಿ ಇದೆ.