ಸಾಲಿಗ್ರಾಮದ ಪೆಟ್ಟಿಗೆಯಲ್ಲಿದ್ದ ಮಾತ್ರೆ

ಹಂಸಿನಿ,

ಸಂಪಾಜೆಯ ಹೋಮಕ್ಕೆ ಹೊರಟೆ. ನಿನ್ನನ್ನು ಎಬ್ಬಿಸಲಿಲ್ಲ. ಕಾಫಿ ಫ್ಲಾಸ್ಕಿನಲ್ಲಿದೆ. ಇವತ್ತು ಒಲೆಯ ಹತ್ತಿರ ಹೋಗಬೇಡ. ಅನ್ನ, ಸಾರು ಮಾಡಿಟ್ಟಿದ್ದೇನೆ. ಉಪ್ಪು ಹೆಚ್ಚಾಗಿದ್ದರೆ ಸುಮ್ಮನೆ ಉಣ್ಣು. ಜೊತೆಗಿರಲು ಪಕ್ಕದ ಮನೆಯ ವೇದಾವತಿ ಬರುತ್ತಾಳೆ.

ನಿನ್ನ ಮಾತ್ರೆ ಈ ಚೀಟಿಯ ಕೆಳಗಿದೆ. ಮೊದಲು ಅದನ್ನು ನುಂಗು. ಮೂರು ದಿನ ಅದು ಸಾಲಿಗ್ರಾಮದ ಪೆಟ್ಟಿಗೆಯಲ್ಲಿತ್ತು. ಅದಿಲ್ಲದಿದ್ದರೆ ನೀನು ಬೇಗ ಏಳುತ್ತೀಯ ಎಂದುಕೊಂಡು, ನನ್ನ ಹೊರತು ಯಾರೂ ಮುಟ್ಟದ ಜಾಗ ಎಂದೇ ಅಲ್ಲಿ ಬಚ್ಚಿಟ್ಟೆ. ಸೊಸೆ ನಿದ್ದೆ ಮಾತ್ರೆ ನುಂಗಿ ಏಳು ಗಂಟೆಯವರೆಗೆ ಮಲಗುತ್ತಾಳೆ ಎಂದು ಊರಿಗೆಲ್ಲ ಹೇಳಿದವನೂ ನಾನೇ. ಯಾವ ಕಾಯಿಲೆಗೆ ಎಂದು ಮಾತ್ರ ನಿನ್ನನ್ನು ಒಮ್ಮೆಯೂ ಕೇಳಲಿಲ್ಲ.

ನಿನ್ನೆ ಅಡುಗೆಮನೆಯಲ್ಲಿ ಫಿಟ್ಸ್ ಬಂದು ನೀನು ಬಿದ್ದ ಮೇಲೆ ಡಾಕ್ಟರು ಬಿಡಿಸಿ ಹೇಳಿದರು. ಅದು ನರಗಳನ್ನು ಶಾಂತ ಮಾಡುವ ಜಾತಿಯ ಔಷಧವಂತೆ. ಕೆಲವರಿಗೆ ನಿದ್ದೆಗೆ, ಕೆಲವರಿಗೆ ಆಪರೇಷನ್ನಿಗೆ ಮುಂಚೆ, ನಿನಗೆ ಫಿಟ್ಸ್ ತಡೆಯಲು. ಥಟ್ಟನೆ ನಿಲ್ಲಿಸಲೇಬಾರದಂತೆ.

"ಯಾಕಮ್ಮ ಬಿಟ್ಟೆ?" ಎಂದು ಅವರು ಕೇಳಿದಾಗ ನೀನು ನನ್ನ ಮುಖ ನೋಡಿ, "ನಾನೇ ಮರ್ತೆ ಡಾಕ್ಟ್ರೇ" ಅಂದೆ. ನಾನು ಬಾಯಿ ಬಿಡಲಿಲ್ಲ.

ಸಂಜೆ ನಿನ್ನ ಗಂಡ ವಿವೇಕ ಬಂದಾಗ, ಬಚ್ಚಿಟ್ಟವನು ನಾನೇ ಎಂದು ನಿನ್ನೆದುರೇ ಹೇಳುತ್ತೇನೆ. ಆಗ ಮಧ್ಯೆ ಬಾಯಿ ಹಾಕಿ ಮತ್ತೆ "ಮರ್ತೆ" ಅನ್ನಬೇಡ.

ಮಾವ