‘ಹೂಲಿ ನಿಲ್ದಾಣ’ದ ಅರ್ಧ ಹಕ್ಕು

ಬೈಲಹೊಂಗಲ
18 ಜನವರಿ 2003

ಪ್ರೀತಿಯ ಇಂದ್ರಾ,

ನಮ್ಮ ಚಿತ್ರಕಥೆ ‘ಹೂಲಿ ನಿಲ್ದಾಣ’ವನ್ನು ಪುಸ್ತಕವಾಗಿ ಅಚ್ಚು ಹಾಕಲು ಬೆಳಗಾವಿಯ ಒಬ್ಬ ಪ್ರಕಾಶಕರು ಒಪ್ಪಿದ್ದಾರೆ. ಸುದ್ದಿ ತಂದವರು ನಾನು ಕೆಲಸ ಮಾಡುವ ವಾರಪತ್ರಿಕೆಯ ಸಂಪಾದಕರು, ಕಾಡಪ್ಪನವರು. ಮೊನ್ನೆ ಗುರುವಾರ ಸಂಜೆ ನಾನು ಕೊನೆಯ ಪುಟ ಜೋಡಿಸಿ ಕಂಪ್ಯೂಟರ್ ಬಂದ್ ಮಾಡುತ್ತಿದ್ದಾಗ ಬಂದು ಹೇಳಿದರು.

ಮೊದಲು ಕೇಳಬೇಕಾದದ್ದನ್ನು ಈಗ ಕೇಳುತ್ತೇನೆ. ಹೇಗಿದ್ದೀ? ನಿನ್ನ ಅತ್ತೆಯ ಮೊಣಕಾಲು ನೋವು ಹೇಗಿದೆ? ಮಗಳು ಶಿವಾನಿ ಈಗ ಐದನೇ ಇಯತ್ತೆ ಇರಬೇಕು. ದೀಪಾವಳಿ ಆದ ಮೇಲೆ ನಿನಗೆ ನಾಲ್ಕು ಸಾಲು ಬರೆಯಲಿಲ್ಲ, ಕ್ಷಮಿಸು. ಕಬ್ಬಿನ ಹಂಗಾಮು ಶುರುವಾದರೆ ನಮ್ಮ ಮನೆಯಲ್ಲಿ ಯಾರ ಊಟಕ್ಕೂ ಹೊತ್ತು ಗೊತ್ತು ಇರುವುದಿಲ್ಲ. ಇವರು ಟ್ರ್ಯಾಕ್ಟರ್ ತೆಗೆದುಕೊಂಡು ಎಂ.ಕೆ. ಹುಬ್ಬಳ್ಳಿ ಕಾರ್ಖಾನೆಗೆ ಹೋದರೆ ಪಾಳಿ ಬರುವತನಕ ಅಲ್ಲೇ. ಸಂಕ್ರಮಣದ ದಿನವೂ ಅಲ್ಲೇ ಇದ್ದರು. ಲಕೋಟೆಯಲ್ಲಿ ಒಂದು ಚಿಟಿಕೆ ಕುಸುರೆಳ್ಳು ಇಟ್ಟಿದ್ದೇನೆ. ಟಪಾಲಿನವರು ಸಿಕ್ಕಾ ಹೊಡೆದಾಗ ಪುಡಿಯಾದರೆ ಪುಡಿಯನ್ನೇ ಬಾಯಿಗೆ ಹಾಕಿಕೋ.

ಕಳಿಸಿದ ಸಂಚಿಕೆಗಳನ್ನು ನೀನು ಓದಿದ್ದೀಯೋ ಇಲ್ಲವೋ ತಿಳಿಯದು. ಆದ್ದರಿಂದ ಕಥೆ ಎಲ್ಲಿಗೆ ಬಂದಿದೆ ಎಂದು ಹೇಳಿಬಿಡುತ್ತೇನೆ. ಮೊದಲಿನ ಎರಡು ನಾವು ಸವದತ್ತಿಯಲ್ಲಿ ಕಾಲೇಜು ಕಲಿಯುವಾಗ ಮಾಡಿದವು, ಕಥೆ ನನ್ನದು, ಚಿತ್ರ ನಿನ್ನವು. ಭೂಮಿಗೆ ಎರಡನೆಯ ಚಂದ್ರ ಬಂದಿದ್ದಾನೆ. ನಿಮ್ಮ ಊರು ಹೂಲಿಯ ಗುಡ್ಡದ ಮೇಲೆ ಅವನಿಗೆ ಸಂಕೇತ ಕಳಿಸುವ ನಿಲ್ದಾಣವಿದೆ. ಅಲ್ಲಿ ಮಂದಾರೆ, ಕಮಲಾಕ್ಷಿ ಎಂಬ ಇಬ್ಬರು ಗೆಳತಿಯರು ಕೆಲಸಕ್ಕಿದ್ದಾರೆ. ಅಷ್ಟಕ್ಕೆ ನಿನ್ನ ಮದುವೆ ಬಂತು, ನೀನು ರಾಮದುರ್ಗಕ್ಕೆ ಹೋದೆ, ಕಥೆ ನಿಂತಿತು. ಈಗ ಮೂರನೆಯದರಲ್ಲಿ ಮಂದಾರೆಗೆ ಹೊಸ ಚಂದ್ರನಿಗೆ ಹೋಗಲು ಆದೇಶ ಬರುತ್ತದೆ. ನಾಲ್ಕನೆಯದರ ಮೊದಲರ್ಧದಲ್ಲಿ ಇಬ್ಬರೂ ಕೂಡಿ ರೊಟ್ಟಿ ಉಣ್ಣುತ್ತಾರೆ, ಉಳಿದರ್ಧದಲ್ಲಿ ಮಂದಾರೆ ಹೋಗುತ್ತಾಳೆ. ಕೊನೆಯ ಪುಟದಲ್ಲಿ ರಾಕೆಟ್ಟು ಬರೀ ಒಂದು ಚುಕ್ಕೆ. ಈ ಎರಡಕ್ಕೂ ಚಿತ್ರ ತೆಗೆದವಳು ನಾನು. ನೋಡಿದರೆ ನಗುತ್ತೀ.

ಎರಡು ವರ್ಷದ ಹಿಂದೆ ಹಳೆಯ ಹಾಳೆಗಳನ್ನು ಝೆರಾಕ್ಸ್ ಮಾಡಿ ಹಂಚಲೇ ಎಂದು ಕೇಳಿದಾಗ, ಕಾರ್ಡಿನಲ್ಲಿ ನೀನು ಬರೆದದ್ದು ‘ಮಾಡು’ ಎಂಬ ಒಂದೇ ಮಾತು. ಆ ಮಾತಿನ ಮೇಲೆಯೇ ಇಲ್ಲಿಯತನಕ ಬಂದಿದ್ದೇನೆ. ಪ್ರತಿ ಸಂಚಿಕೆಯ ಒಳಪುಟದಲ್ಲಿ ಕಥೆ ಅನ್ನಪೂರ್ಣಾ, ಮೂಲ ಚಿತ್ರ ಇಂದ್ರವ್ವ, ಹಕ್ಕು ಇಬ್ಬರದು ಎಂದು ಹಾಕಿದ್ದೇನೆ. ಕೆಳಗೆ ನನ್ನ ವಿಳಾಸ, ಓದಿದವರು ಅಭಿಪ್ರಾಯ ತಿಳಿಸಿರಿ ಎಂಬ ವಿನಂತಿ.

ನಮ್ಮ ಓದುಗರು ಯಾರು ಎಂದು ಕೇಳಿದರೆ ನೀನು ನಂಬಲಿಕ್ಕಿಲ್ಲ. ವಾಚನಾಲಯದಲ್ಲಿ ಇಟ್ಟ ಪ್ರತಿಗಳನ್ನು ಯಾರೂ ಮುಟ್ಟಲಿಲ್ಲ. ಓದಿದವರು ಕಾರ್ಖಾನೆಯ ಅಂಗಳದಲ್ಲಿ ಕಬ್ಬು ಹೇರಿಕೊಂಡು ಪಾಳಿ ಕಾಯುವ ಟ್ರ್ಯಾಕ್ಟರಿನವರು. ಅವರಿಗೆ ಹೊತ್ತು ಹೋಗಬೇಕು, ಇಸ್ಪೀಟು ಎಷ್ಟಂತ ಆಡುತ್ತಾರೆ? ಇವರು ಸೀಟಿನ ಕೆಳಗೆ ಒಂದು ಕಟ್ಟು ಇಟ್ಟುಕೊಂಡು ಹೋಗಿ ಹಂಚಿದರು. ಬರುವಾಗ ಅಭಿಪ್ರಾಯಗಳನ್ನು ಬಾಯಿಯಲ್ಲಿ ಹೊತ್ತು ತಂದರು.

“ನಿನ್ನ ಪುಸ್ತಕಾ ಛಲೋ ಐತಂತ. ಆದ್ರ ಅಷ್ಟ ದೊಡ್ಡ ಇಂಜಿನ್ ಕಟ್ಟಿ, ಹಿಂದ ಒಂದ ಟ್ರಾಲಿ ಇಲ್ದ ಖಾಲಿ ಯಾಕ ಕಳಿಸ್ಯಾರ ಅಂತ ಕೇಳಾಕತ್ತಾರ.”

“ಅದು ರಾಕೆಟ್ರೀ.”

“ರಾಕೆಟ್ ಆದ್ರೇನು, ಡೀಸೆಲ್ ಪುಕ್ಕಟ್ಟ ಬರತೈತೇನು?”

ಸಂಗೊಳ್ಳಿಯ ವೀರಪ್ಪ ಎಂಬ ಹಿರಿಯರ ತಕರಾರು ಬೇರೆ. ಗಾಜಿನ ಟೊಪ್ಪಿಗೆ ಹಾಕಿಕೊಂಡ ಮೇಲೆ ಎಲೆ ಅಡಿಕೆ ಎಲ್ಲಿಂದ ಹಾಕಿಕೊಳ್ಳಬೇಕು, ಹಾಕಿಕೊಂಡರೂ ಎಲ್ಲಿ ಉಗುಳಬೇಕು ಎಂದು. ಐದನೆಯದರಲ್ಲಿ ಇದಕ್ಕೊಂದು ವ್ಯವಸ್ಥೆ ಮಾಡಬೇಕಾಗಿದೆ.

ಡಿಸೆಂಬರ್ ಕೊನೆಗೆ ನಾನೂ ಒಂದು ದಿನ ರಜೆ ಹಾಕಿ ಇವರ ಸಂಗಡ ಹೋದೆ. ನಾಲ್ಕನೆಯ ಸಂಚಿಕೆಯ ಒಂದೇ ಪ್ರತಿ ಉಳಿದಿತ್ತು. ಎಲ್ಲರೂ ಕೈ ಚಾಚಿದ್ದಕ್ಕೆ ವೀರಪ್ಪನವರು ಪಿನ್ನು ಕಿತ್ತು ಹಾಳೆಗಳನ್ನು ಎರಡು ಪಾಲು ಮಾಡಿದರು. ಮೊದಲಿನ ಪಾಲು ಗೇಟಿನ ಕಡೆಯ ಟ್ರ್ಯಾಕ್ಟರುಗಳಿಗೆ ಹೋಯಿತು, ಕೊನೆಯ ಪಾಲು ಹಿಂದಿನವುಗಳಿಗೆ. ಓದಿ ಮುಗಿಸಿದ ಮೇಲೆ ಅದಲು ಬದಲು ಮಾಡಿಕೊಂಡರು. ಮೇವು ಹಂಚಿದಂತೆ ನ್ಯಾಯವಾಗಿಯೇ ಹಂಚಿದರು. ಆದರೆ ಹಿಂದಿನವರು ಮಂದಾರೆ ಚುಕ್ಕೆಯಾದದ್ದನ್ನು ಮೊದಲು ಓದಿದರು, ಗೆಳತಿಯರು ರೊಟ್ಟಿ ಉಂಡದ್ದನ್ನು ಆಮೇಲೆ ಓದಿದರು. ಸಂಜೆ ಚಹದ ಗಾಡಿಯ ಮುಂದೆ ಎಲ್ಲರೂ ಕೂಡಿದಾಗ ಜಗಳ ಶುರು.

“ಪಾಪ, ಹ್ವಾದಳಲ್ಲೋ ಆಕಿ!”

“ಯಾರ್ ಹ್ವಾದ್ರು? ತಿರುಗಿ ಬಂದು ಗೆಳತಿ ಎದುರಿಗೆ ಕುಂತು ರೊಟ್ಟಿ ಮುರ್ಯಾಕತ್ತಾಳಲ್ಲ, ಕಣ್ಣಾಗ ಏನ್ ಬೂದಿ ಬಿದ್ದೈತೇನ್ ನಿನಗ?”

“ನೀ ಓದಿದ್ದು ಉಲ್ಟಾ ಐತಿ, ಹುಚ್ಚಪ್ಪಾ.”

“ಉಲ್ಟಾ ನೀ! ಹ್ವಾದಾಕಿ ಬರಲಾರದ ಕತಿ ಯಾವ ಶಾಣ್ಯಾ ಬರೀತಾನ?”

ಅಷ್ಟರಲ್ಲಿ ಯಾರೋ ಇವರಿಗೆ ಹೇಳಿದರು, “ಶಂಕರೆಪ್ಪಣ್ಣಾ, ವೈನಿಯವರ ಇಲ್ಲೇ ಅದಾರಲ್ಲ, ಅವರನ್ನ ಕೇಳೂಣು.” ಎಲ್ಲರೂ ನನ್ನ ಕಡೆ ತಿರುಗಿದರು. “ಹೇಳ್ರಿ ವೈನಿ, ಆಕಿ ಬಂದಾಳೋ, ಇಲ್ಲೋ?”

ಪತ್ರಿಕೆಯಲ್ಲಿ ಒಂದು ಹೆಸರು ತಪ್ಪಿದರೂ ಮುಂದಿನ ವಾರ ತಿದ್ದುಪಡಿ ಹಾಕುವವಳು ನಾನು. ಸವದತ್ತಿಯಲ್ಲಿ ಪೇಪರ್ ಏಜೆಂಟರಾಗಿದ್ದ ನಮ್ಮಪ್ಪ ಕಲಿಸಿದ್ದೂ ಅದನ್ನೇ, ಆದದ್ದನ್ನು ಆದ ಹಾಗೆ ಹೇಳಬೇಕು. ಅಂದು ಹೇಳಲಿಲ್ಲ. ಚಹದ ಕಪ್ಪು ಹಿಡಿದುಕೊಂಡು, “ಐದನೇದು ಓದ್ರಿ, ಗೊತ್ತಾಗ್ತೈತಿ” ಅಂದೆ. ತಿರುಗಿ ಬಂದಿದ್ದಾಳೆ ಎಂದು ನಂಬಿದವರ ಮುಖದಲ್ಲಿ ಎಷ್ಟು ಸಮಾಧಾನ ಇತ್ತು ಇಂದ್ರಾ. ಸ್ವಲ್ಪ ಹೊತ್ತು ನಾನೂ ಅವರ ಪಾಲಿಗೆ ಸೇರಿದ್ದೆ.

ಇನ್ನೊಂದು ಅಭಿಪ್ರಾಯವನ್ನೂ ನಿನಗೆ ತಿಳಿಸಲೇಬೇಕು. ನಾಲ್ಕೂ ಸಂಚಿಕೆ ಓದಿದ ಪರಸಪ್ಪ ಎಂಬ ಡ್ರೈವರ್ ನನಗೆ ಮುಖಕ್ಕೇ ಹೇಳಿದ: “ಬ್ಯಾಸರಾ ಮಾಡ್ಕೋಬ್ಯಾಡ್ರಿ ವೈನಿ. ಮೊದಲಿನ ಎರಡರಾಗ ಆ ಹುಡುಗಿ ಈಗ ಮಾತಾಡ್ತಾಳ, ಆಗ ಮಾತಾಡ್ತಾಳ ಅನ್ನುವಂಗ ಇದ್ದಳು. ಈಗಿನಾಕಿ ದವಾಖಾನಿ ಗ್ವಾಡಿ ಮ್ಯಾಲಿನ ಪೋಲಿಯೋ ಡೋಸಿನ ಚಿತ್ರದಂಗ ಆಗ್ಯಾಳ್ರಿ.” ಇವರು ಅವನನ್ನು ಗದರಿಸಲು ಹೋದರು. ನಾನೇ ತಡೆದೆ. ಅವನು ಹೇಳಿದ್ದು ಖರೆ. ರಾಕೆಟ್ಟು ನನಗೆ ಬರುತ್ತದೆ, ಗುಡ್ಡ ಬರುತ್ತದೆ, ಮುಖ ಬರುವುದಿಲ್ಲ.

ರಾಕೆಟ್ಟು ಎಂದಾಗ ನೆನಪಾಯಿತು. ಹೋದ ತಿಂಗಳು ವರದಿಯ ಕೆಲಸಕ್ಕೆ ಹೂಲಿಗೆ ಹೋಗಿದ್ದೆ. ಹಳೆಯ ಗುಡಿಯ ಕಂಬಗಳು ಹಾಗೇ ಇವೆ. ತಿರುಗಣಿಗೆ ಹಚ್ಚಿ ತೆಗೆದಂಥ ಆ ದುಂಡು ಕಂಬವನ್ನು ಕಾಲೇಜಿನ ದಿನಗಳಲ್ಲಿ ನೀನು ಕೂತು ಹಾಳೆಯ ಮೇಲೆ ತೆಗೆಯುವಾಗ, “ಇದು ಹಾರತೈತಿ” ಎಂದು ನಾನು ಅಂದೆ. “ನಿನ್ನ ತಲಿ ಹಾರತೈತಿ” ಎಂದು ನೀನು ಬೈದೆ. ಬೈಯುತ್ತಲೇ ಅದರ ಬುಡಕ್ಕೆ ಬೆಂಕಿ ತೆಗೆದೆ. ನಮ್ಮ ಕಥೆ ಹುಟ್ಟಿದ್ದು ಹಾಗೆ. ಈ ಸಲ ಅಲ್ಲಿ ನಾನೊಬ್ಬಳೇ ನಿಂತಿದ್ದೆ. ಯಾರೋ ಶೇಂಗಾ ಒಣಗಿಸಲು ಹಾಕಿದ್ದರು. ಕಂಬದ ಉಂಗುರಗಳನ್ನು ಬೆರಳಿನಿಂದ ಮುಟ್ಟಿ, ಬಸ್ಸಿನ ಹೊತ್ತಾಯಿತೆಂದು ಬಂದುಬಿಟ್ಟೆ. ಮದುವೆಗೆ ಮೊದಲು ನೀನು ಹಾಳೆಗಳನ್ನೆಲ್ಲ ನನ್ನ ಕೈಗೆ ಕೊಟ್ಟು, “ನಿನ್ನ ಕಡೇನ ಇರಲಿ. ನನ್ನ ಸಂಗಾಟ ಬಂದ್ರ ಯಾವುದರ ಡಬ್ಬಿಗೆ ಹಾಸ್ತಾರೋ” ಎಂದಿದ್ದೆ. ಒಂದೂ ಕೆಟ್ಟಿಲ್ಲ, ಎಲ್ಲ ಚೆನ್ನಾಗಿವೆ.

ಈಗ ಪ್ರಕಾಶಕರ ವಿಷಯ. ಪುಸ್ತಕ ಚಂದವಾಗಿ, ಬಣ್ಣದಲ್ಲಿ ಬರುತ್ತದೆ. ಎರಡು ಷರತ್ತುಗಳಿವೆ. ಕಥೆ, ಪಾತ್ರ, ಹೆಸರು ಎಲ್ಲದರ ಹಕ್ಕು ಅವರಿಗೆ ಬರೆದುಕೊಡಬೇಕು. ಚಿತ್ರಗಳನ್ನು ಅವರ ಕಲಾವಿದರು ಹೊಸದಾಗಿ ತೆಗೆಯುತ್ತಾರೆ.

“ಅಂದ್ರ ಮಂದಾರಿ ಮಾರಿನೂ ಬದಲ ಆಗತೈತೇನ್ರೀ?” ಎಂದು ಕೇಳಿದೆ.

“ತಂಗೀ, ಪ್ಯಾಟಿಗೆ ಹೋಗೂ ಪುಸ್ತಕ. ಮಾರಿ ಯಾವುದಾದ್ರೇನು, ಹೆಸರು ಅದ ಇರತೈತಲ್ಲ?” ಎಂದರು ಕಾಡಪ್ಪನವರು. ಒಳ್ಳೆಯದಕ್ಕೇ ಹೇಳಿದರು. ಆಮೇಲೆ ಅವರೇ, “ಹಕ್ಕು ಇಬ್ಬರದು ಅಂತ ನೀನ ಹಾಕಿದಿ. ರಾಮದುರ್ಗದಾಕಿ ಸಹಿನೂ ಬೇಕು” ಎಂದರು.

ಇಷ್ಟು ವರ್ಷದ ಮೇಲೆ ಮತ್ತೆ ಚಿತ್ರ ತೆಗೆ ಎಂದು ನಿನ್ನನ್ನು ಕೇಳಲು ನನಗೊಂದು ಕಾರಣ ಸಿಕ್ಕಿತು ನೋಡು. ನನ್ನ ಅರ್ಧವನ್ನು ನಾನು ಕೊಡುವುದಿಲ್ಲ. ಆ ಮುಖವನ್ನು ಬೇರೊಬ್ಬರು ತೆಗೆಯುವುದಾದರೆ ನನಗೆ ಬಣ್ಣದ ಪುಸ್ತಕ ಬೇಡ, ಝೆರಾಕ್ಸೇ ಸಾಕು. ನಿನ್ನ ಅರ್ಧ ಏನು ಮಾಡಬೇಕು ಎಂಬುದು ನಿನಗೆ ಬಿಟ್ಟದ್ದು. ಆದರೆ ಒಂದು ಕೇಳುತ್ತೇನೆ. ಐದನೆಯ ಸಂಚಿಕೆಗೆ ನೀನು ಮುಖ ತೆಗೆದುಕೊಡು. ಮನೆ, ಗುಡ್ಡ, ಆಕಾಶ ಎಲ್ಲ ನಾನು ಮುಗಿಸಿ ಮುಖದ ಜಾಗ ಖಾಲಿ ಬಿಟ್ಟು ಕಳಿಸುತ್ತೇನೆ. ಮಧ್ಯಾಹ್ನ ಎಲ್ಲರ ಊಟವಾದ ಮೇಲೆ ಒಂದೊಂದೇ ತೆಗೆ. ಎಷ್ಟು ದಿನವಾದರೂ ಆಗಲಿ. ಮಂದಾರೆ ತಿರುಗಿ ಬರುವ ಪುಟವನ್ನು ನಾನು ಬರೆದಿಟ್ಟಿದ್ದೇನೆ. ಪರಸಪ್ಪನ ಪೋಲಿಯೋ ಡೋಸಿನ ಮುಖ ಹೊತ್ತು ಆಕೆ ಬರುವುದು ನನಗೆ ಬೇಡ.

ನಿನ್ನ ಮನೆಯವರಿಗೆ, ಅತ್ತೆಯವರಿಗೆ ನಮಸ್ಕಾರ ತಿಳಿಸು. ಶಿವಾನಿಗೆ ಆಶೀರ್ವಾದ. ಆಕೆಗೆ ವಿದ್ಯೆ ಹತ್ತಲಿ, ನಿನ್ನ ಕೈಯೂ ಬರಲಿ. ಎಲ್ಲವ್ವ ತಾಯಿ ನಿಮ್ಮನ್ನೆಲ್ಲ ಸುಖವಾಗಿಡಲಿ.

ನಿನ್ನ
ಅನ್ನಪೂರ್ಣಾ

ತಾ.ಕ.: ಮೇಲೆ ಬರೆಯಲು ಕೈ ಬರಲಿಲ್ಲ, ಇಲ್ಲಿ ಬರೆಯುತ್ತೇನೆ. ಸಂಕ್ರಮಣದ ಮರುದಿನ ರಾಮದುರ್ಗದಿಂದ ಒಂದು ಅಭಿಪ್ರಾಯ ಬಂತು. ಕಾರ್ಡು ಬರೆದವಳು ಶಿವಾನಿ. ಅವಳು ಯಾರಿಗೆ ಬರೆಯುತ್ತಿದ್ದಾಳೆಂದು ಅವಳಿಗೆ ಗೊತ್ತಿಲ್ಲ, ‘ಮಾನ್ಯರೇ’ ಎಂದು ಶುರು ಮಾಡಿದ್ದಾಳೆ. ಸಂಚಿಕೆಗಳು ಟ್ರಂಕಿನಲ್ಲಿ ಅವ್ವನ ಸೀರೆಗಳ ಕೆಳಗೆ ಸಿಕ್ಕವಂತೆ. ನಾಲ್ಕನ್ನೂ ಓದಿದ್ದಾಳೆ. ಮಂದಾರೆಯ ಮುಖ ನೋಡಿಕೊಂಡು ತೆಗೆಯಲು ಕಲಿಯುತ್ತಿದ್ದಾಳಂತೆ. ಮುಂದಿನದನ್ನು ಅವಳ ಮಾತಿನಲ್ಲೇ ಇಳಿಸುತ್ತೇನೆ: ‘ಒಳಗೆ ಇಂದ್ರವ್ವ ಎಂದು ಹೆಸರಿದೆ. ನಮ್ಮ ಅವ್ವನ ಹೆಸರೂ ಇಂದ್ರವ್ವ. ಇವು ನೀ ತೆಗೆದದ್ದೇನು ಎಂದು ಕೇಳಿದೆ. ಅಲ್ಲ, ಆಕಿ ಬ್ಯಾರೆ ಇಂದ್ರವ್ವ ಎಂದು ಅವ್ವ ಹೇಳಿದಳು. ಆ ಇಂದ್ರವ್ವ ಯಾವ ಊರವರು? ಅವರು ಈಗ ಚಿತ್ರ ಯಾಕೆ ತೆಗೆಯುವುದಿಲ್ಲ? ತಿಳಿಸಿರಿ.’

ನಾನು ಇನ್ನೂ ಏನೂ ಬರೆದಿಲ್ಲ. ನೀನು ಹೇಳಿದ್ದು ಸುಳ್ಳು ಎಂದು ಅವಳಿಗೆ ನನ್ನ ಕೈಯಿಂದ ಗೊತ್ತಾಗುವುದು ಬೇಡ. ಬ್ಯಾರೆ ಇಂದ್ರವ್ವ ಎಂದು ನನ್ನ ಕೈಯಿಂದ ಬರೆಯುವುದೂ ಆಗುವುದಿಲ್ಲ. ಏನು ಬರೆಯಲಿ, ನೀನೇ ತಿಳಿಸು.

ಗುರುವಾರ ಬೆಳಗಾವಿಗೆ ಹೋಗಿ ಪ್ರಕಾಶಕರಿಗೆ ನನ್ನ ಮಾತು ಹೇಳಿ ಬರುತ್ತೇನೆ. ಶಿವಾನಿಗೆ ಉತ್ತರವನ್ನು ಸೋಮವಾರ, 27ನೇ ತಾರೀಖಿನ ಟಪಾಲಿಗೆ ಹಾಕುತ್ತೇನೆ.