ಘರ್‌ವಾಲಿ ಎಂದರೆ ಮನೆಯವರು

ಜನವರಿ ೮, ೧೯೪೬. ಮಾನ್ವಿ

ಹಾಲು ಸಿಕ್ಕಿತು. ಪತ್ರಿಕೆ ಸಿಗಲಿಲ್ಲ. ಬಳ್ಳಾರಿಯಲ್ಲಿ ಕೊಂಡದ್ದೇ ಕೊನೆಯದು. ಅದರ ಜಾಹೀರಾತುಗಳೂ ಬಾಯಿಪಾಠವಾದವು.

ಇವರು ಒಳಗೆ ಫೋಟೋ ತೊಳೆಯುತ್ತಿದ್ದಾರೆ. ಲಾರಿಯ ಮೇಲೆ ಮರದ ಮನೆ ಕಟ್ಟಿಸುವಾಗ ಅರ್ಧ ಡಾರ್ಕ್‌ರೂಮ್, ಅರ್ಧ ಸಂಸಾರ ಎಂದಿದ್ದರು. ಡಾರ್ಕ್‌ರೂಮ್ ಮುಕ್ಕಾಲು ನುಂಗಿದೆ. ಕಿಟಕಿಗಳಿಗೆಲ್ಲ ಕಪ್ಪು ಪರದೆ.

ನಾಕಾ ದಾಟಿ ನಿಜಾಮರ ಸೀಮೆಗೆ ಬಂದಾಗಿನಿಂದ ಬೋರ್ಡುಗಳು ಉರ್ದು. ಊರವರ ಮಾತು ಕನ್ನಡವೇ — ಕಚೇರಿ, ಪೊಲೀಸು, ಎಲ್ಲ ಉರ್ದು. ಇವರು ಮಿಲಿಟರಿಯಲ್ಲಿ ಕಲಿತವರು. ಮೈಸೂರು ಬಿಟ್ಟು ಹೊರಗೆ ಬಾರದ ನನಗೆ ಒಂದು ಅಕ್ಷರವೂ ತಿಳಿಯದು. ಇವರಿಲ್ಲದಿದ್ದರೆ ಇಲ್ಲಿ ನಾನು ಮೂಗಿ.

ಸಂಜೆ ಕುರಿ ಹೊಡೆದುಕೊಂಡು ಬಂದ ಬಂಡೆಮ್ಮ ಎಂಬಾಕೆ ಗಾಡಿಯ ಸುತ್ತ ಒಂದು ಸುತ್ತು ಹಾಕಿದಳು.

"ಯವ್ವಾ, ಇದು ಮನಿಯೋ ಮೋಟಾರೋ?"

"ಎರಡೂ."

"ಚಲೋ ಆತು ಬಿಡು. ಗಂಡನ ಕೂಡ ಜಗಳಾದ್ರ ಮನೀನ ಹೊಡ್ಕೊಂಡು ತವರಿಗೆ ಹೋಗಬೌದು."

"ನನಗೆ ಓಡಿಸೋಕೆ ಬರಲ್ಲ."

"ಹಂಗಾರ ಜಗಳ ಆಡಬ್ಯಾಡ ಬೇ."

ಜನವರಿ ೯. ಮಾನ್ವಿ

ತಹಸೀಲಿನ ಗುಮಾಸ್ತರೊಬ್ಬರು ಕುಟುಂಬದ ಫೋಟೋಗೆ ಬಂದಿದ್ದರು. ಹೆಂಡತಿಯನ್ನು ತೋರಿಸಿ "ಘರ್‌ವಾಲಿ" ಎಂದರು. ಹಾಗೆಂದರೇನು, ಇವರನ್ನು ಕೇಳಿದೆ. ಟ್ರೇಯಿಂದ ತಲೆ ಎತ್ತದೆ, "ಮನೆಯವರು ಅಂತ" ಎಂದರು.

ಸುಲಭವಾಗಿದೆ. ಘರ್ ಎಂದರೆ ಮನೆ. ಪೇಟ್, ಹೊಟ್ಟೆ. ದರ್ದ್, ನೋವು. ದಿನಕ್ಕೆ ದಿನವೇ. ಹೀಗೆ ಕಲಿತರೆ ರಾಯಚೂರು ಮುಟ್ಟುವ ಹೊತ್ತಿಗೆ ನಾನೇ ಮಾತಾಡಿಯೇನು.

ರಾತ್ರಿ ಊಟ ಬೇಡವೆಂದರು. ಹೊಟ್ಟೆ ಸರಿಯಿಲ್ಲ. ತಪ್ಪನ್ನು ಕೆಂಪು ಚಟ್ನಿಯ ಮೇಲೆ ಹಾಕಿದರು.

ಜನವರಿ ೧೨. ದೇವದುರ್ಗ, ಬೆಳಿಗ್ಗೆ

ಚಟ್ನಿಯಲ್ಲ. ನಿನ್ನೆಯೆಲ್ಲ ವಾಂತಿ. ಬಗ್ಗಿಕೊಂಡೇ ಇಲ್ಲಿಯವರೆಗೆ ಓಡಿಸಿದರು. ಈಗ ಕಾಲು ಚಾಚಲೂ ಆಗುತ್ತಿಲ್ಲ. ಮೈ ಸುಡುತ್ತಿದೆ. ಬೆಳಕು ಕಣ್ಣಿಗೆ ಚುಚ್ಚುತ್ತದೆ, ಪರದೆ ಎಳೆ ಎಂದರು. ಎಳೆದೆ.

ದವಾಖಾನೆ ಹತ್ತಿರವೇ ಇದೆಯಂತೆ. ನಾನೇ ಹೋಗಬೇಕು. ಒಬ್ಬಳೇ.

ಅದೇ ದಿನ, ಮಧ್ಯಾಹ್ನ

ಆದದ್ದನ್ನು ಆದಂತೆ ಬರೆಯುತ್ತೇನೆ. 

ದವಾಖಾನೆಯ ಕಾಂಪೌಂಡರ್ ಹೈದರಾಬಾದಿನವರು, ಕನ್ನಡ ಬಾರದು. ಕನ್ನಡ ಬರುವ ಜವಾನ ಸಂತೆಗೆ ಹೋಗಿದ್ದ. ನಾನು ಜೋಡಿಸಿಕೊಂಡು ಹೋದದ್ದನ್ನು ಹೇಳಿದೆ: "ಘರ್‌ವಾಲಿ. ಪೇಟ್ ದರ್ದ್."

"ಕಿತ್ತೇ ದಿನಾಂ?"

ದಿನ ಎಂಬುದು ತಿಳಿಯಿತು. ಎರಡು ಬೆರಳು ತೋರಿಸಿದೆ. ಏಕೆ ಕರೆತರಲಿಲ್ಲ ಎಂದು ಕೈಸನ್ನೆ ಮಾಡಿದರು. ಮರದ ಕೆಳಗೆ ನಿಂತ ಗಾಡಿಯ ಕಪ್ಪು ಪರದೆ ತೋರಿಸಿ, ಹೊರಗೆ ಬರುವಂತಿಲ್ಲವೆಂದು ತಲೆಯಾಡಿಸಿದೆ.

"ಗೋಷಾ?"

ತಿಳಿಯಲಿಲ್ಲ. ಮೃದುವಾಗಿ ಕೇಳಿದರು, ಹೂಂ ಎಂದೆ. "ಅಚ್ಛಾ, ಅಚ್ಛಾ" ಎಂದು ನನ್ನನ್ನು ವಾಪಸು ಕಳಿಸಿದರು.

ಕಾದೆ. ಬಹಳ ಹೊತ್ತು ಕಾದೆ. ಇವರ ನರಳಾಟ ಒಮ್ಮೆಲೇ ಕಡಿಮೆಯಾಯಿತು. ಔಷಧಿ ಇಲ್ಲದೆಯೇ ಗುಣವಾಗುತ್ತಿದೆ ಎಂದುಕೊಂಡೆ…

ಕೊನೆಗೆ ಬಂದದ್ದು ಡಾಕ್ಟರಲ್ಲ. ಬುರ್ಖಾ ತೊಟ್ಟ ವಯಸ್ಸಾದ ಹೆಂಗಸು, ಸುಗ್ರಾ ಬೇಗಂ. ಹಿಂದೆ ಬಟ್ಟೆಯ ಗಂಟು, ಬಿಸಿನೀರಿನ ಕೊಡ ಹೊತ್ತ ಜವಾನ ಮುದುಕಪ್ಪ. ಆಕೆ ಪರದೆ ಸರಿಸಿ, "ಅಯ್ಯೋ ಅಲ್ಲಾ, ಯೇ ತೋ ಮರ್ದ್ ಹೈ!" ಎಂದು ಬಾಯಿಗೆ ಕೈ ಇಟ್ಟುಕೊಂಡು ನಕ್ಕರು.

ಮುದುಕಪ್ಪನೂ ನಕ್ಕ. "ಏನ್ರೀ ಯವ್ವಾ, ಗಂಡಸಿಗಿ ಬಾಣಂತನ ಮಾಡಾಕ ಕರಿಸೀರಲ್ಲ ನಮ್ಮನ್ನ! ಘರ್‌ವಾಲಿ ಅಂದ್ರ ಹೆಂಡ್ತಿ ರೀ. ಇನ್ನ ಎಳ್ಡು ದಿನದಾಗ ಹಡಿತಾಳ, ಗೋಷಾದ ಹೆಣ್ಮಗಳು, ಗಂಡಸು ಡಾಕ್ಟರ್ ಮುಟ್ಟೂವಂಗಿಲ್ಲ ಅಂತ ಸೂಲಗಿತ್ತೀನ ಕಳಸ್ಯಾರ."

ಅಷ್ಟರಲ್ಲಿ ಸುಗ್ರಾ ಬೇಗಂ ಇವರ ಮುಖ ನೋಡಿದ್ದರು. ನಗು ನಿಂತಿತು. ಮುದುಕಪ್ಪನನ್ನು ಗದರಿಸಿದ್ದೇ ತಡ, ಅವನು ಕೊಡ ಇಳಿಸಿ ಓಡಿದ.

ಡಾಕ್ಟರ್ ಸೈಫುದ್ದೀನ್ ಬಂದರು. ಹೊಟ್ಟೆಯ ಬಲಗಡೆ ಒತ್ತಿ ನೋಡಿ ಉರ್ದುವಿನಲ್ಲಿ ಏನೋ ಕೇಳಿದರು. ನಾನು ಮುದುಕಪ್ಪನ ಮುಖ ನೋಡಿದೆ. ಅವನು ನೆಲ ನೋಡುತ್ತ ಹೇಳಿದ:

"ಇಷ್ಟೊತ್ತನ ಎಲ್ಲಿದ್ರಿ ಅಂತ ಕೇಳಾಕತ್ತಾರ."

ಕರುಳಿನ ತುದಿ ಬಾತಿದೆಯಂತೆ. ಕೊಯ್ಯಬೇಕು. ಇಲ್ಲಿ ಆಗದು. ರಾಯಚೂರು. ಒಡೆದಿದ್ದರೆ… ಅದನ್ನು ಮುದುಕಪ್ಪ ಅನುವಾದಿಸಲಿಲ್ಲ.

ಬಸ್ ಡ್ರೈವರ್ ಖಾಜಾಮಿಯಾಗೆ ಹೇಳಿಕಳಿಸಿದ್ದಾರೆ. ಅವರೇ ನಮ್ಮ ಗಾಡಿ ಓಡಿಸುತ್ತಾರೆ. ಬಂದರು.

ಜನವರಿ ೧೩. ರಾಯಚೂರು, ಆಸ್ಪತ್ರೆಯ ವರಾಂಡ

ಗಬ್ಬೂರಿನವರೆಗೆ ರಸ್ತೆ ತುಂಬ ಜೋಳದ ಸೊಪ್ಪೆಯ ಬಂಡಿಗಳು. ಖಾಜಾಮಿಯಾ ತಲೆ ಹೊರಗೆ ಹಾಕಿ ಕೂಗುತ್ತಲೇ ಬಂದರು: "ಸರಿಯೋ ಲೇ ಮಾವಾ! ಒಳಗ ಪೇಷಂಟ್ ಅದಾನ!" ಮಧ್ಯೆ ನನಗೆ, "ಯವ್ವಾ, ಹೆದರಬ್ಯಾಡ್ರಿ, ಎರಡೆರಡು ಭಾಷಾದಾಗ ಬೈಯಾಕತ್ತೀನಿ, ಯಾವುದರಾಗರ ತಿಳೀತದ."

ಟ್ರೇಗಳೆಲ್ಲ ಉರುಳಿದವು. ಫೋಟೋ ತೊಳೆಯುವ ಹೈಪೋದ ವಾಸನೆ. ಇವರ ತಲೆ ನನ್ನ ತೊಡೆಯ ಮೇಲಿತ್ತು. 

ರಾತ್ರಿಯೇ ಆಪರೇಷನ್ ಆಯಿತು. ಒಡೆದಿತ್ತು.

ಯಾವಾಗ ಒಡೆಯಿತು? ದಾರಿಯಲ್ಲೋ, ನಾನು ಕಾಯುತ್ತ ಕುಳಿತಾಗಲೋ. ನೋವು ಕಡಿಮೆಯಾದದ್ದು ಆಗ… ಸರ್ಜನರನ್ನು ಕೇಳಬಹುದು. ಅವರು ಹೇಳಿದರೂ ನನಗೆ ತಿಳಿಯುವ ಭಾಷೆಯಲ್ಲ. ಖಾಜಾಮಿಯಾ ಇನ್ನೂ ಕೆಳಗೆ ಗಾಡಿಯಲ್ಲೇ ಇದ್ದಾರೆ. ಅವರ ಮೂಲಕ ಕೇಳಿಸಬಹುದು. ಕೇಳಿಸಲಿಲ್ಲ.

ಜನವರಿ ೧೫. ರಾಯಚೂರು

ನಿನ್ನೆ ಬರೆಯಲಿಲ್ಲ.

ಜ್ವರ ಇಳಿದಿಲ್ಲ. ಹೊಸ ಇಂಜೆಕ್ಷನ್ ಹೈದರಾಬಾದಿನಿಂದ ಬರಬೇಕಂತೆ. ಖಾಜಾಮಿಯಾ ಸ್ಟೇಷನ್ನಿಗೆ ಹೋಗಿದ್ದಾರೆ. ಮಧ್ಯಾಹ್ನದ ರೈಲು ಬರಬೇಕಾದ ಹೊತ್ತು ಆಗಿಹೋಯಿತು.

ಇವರು ಬೆಳಿಗ್ಗೆಯಿಂದ ನೀರು ಕೇಳುತ್ತಿದ್ದಾರೆ. ಆಪರೇಷನ್ ಆದವರ ಈ ಕೋಣೆಯಲ್ಲಿ ಬೇರೆ ರೋಗಿಗಳಿಲ್ಲ; ಅದು ಅರ್ಥವಾಗುವುದು ನನಗೊಬ್ಬಳಿಗೇ. ನರ್ಸ್ ವಾಹಿದಾ ತುಟಿಗೆ ಒದ್ದೆ ಹತ್ತಿ ತೋರಿಸಿ, ಲೋಟ ತೋರಿಸಿ, "ನಕ್ಕೋ" ಎಂದಿದ್ದಾಳೆ. ಬೇಡವೆಂದು. ಹತ್ತಿ ಒತ್ತುತ್ತೇನೆ. ಚೀಪುತ್ತಾರೆ. ಮತ್ತೆ ಕೇಳುತ್ತಾರೆ. ಕೇಳಿಸಿಕೊಳ್ಳಬಾರದೆಂದೇ ಇದನ್ನು ಬರೆಯಲು ಕುಳಿತೆ.

ಕೇಳುವುದು ನಿಂತಿದೆ. ದೇವದುರ್ಗದಲ್ಲಿ ನರಳಾಟ ಇಳಿದಂತೆಯೇ, ಒಮ್ಮೆಲೇ.

ವಾಹಿದಾ ಬಂದಳು. ಮಣಿಕಟ್ಟು ಹಿಡಿದು ಗಡಿಯಾರ ನೋಡುತ್ತಿದ್ದಾಳೆ. ನನ್ನ ಕಡೆ ತಿರುಗಿ ಏನೋ ಹೇಳಿದಳು. ಒಂದು ಪದವೂ ತಿಳಿಯಲಿಲ್ಲ. ಮತ್ತೆ, ನಿಧಾನವಾಗಿ, ಬಿಡಿಸಿ ಬಿಡಿಸಿ ಹೇಳುತ್ತಿ—